ವಿಂಡೋಸ್ 11ಕ್ಕೆ ಏರಲು ಒಪ್ಪದ ಕಂಪ್ಯೂಟರ್: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಧಿಕೃತ ಬೆಂಬಲ ಮುಗಿಯಿತು. ಅಂದಿನಿಂದ ‘ಹನ್ನೊಂದಕ್ಕೆ ಹೋಗುತ್ತಲೇ ಇಲ್ಲ, ಏನು ಮಾಡಲಿ?’ ಎಂದು ಕೇಳುವವರು ಹೆಚ್ಚಿದ್ದಾರೆ. ಅವರಲ್ಲಿ ಅನೇಕರಿಗೆ ರಿಪೇರಿ ಅಂಗಡಿಯಲ್ಲಿ ಸಿಗುವ ಉತ್ತರ ಎರಡೇ: ಫಾರ್ಮ್ಯಾಟ್ ಮಾಡಿ, ಇಲ್ಲವೇ ಹೊಸದು ಕೊಳ್ಳಿ. ಎರಡೂ ಕೊನೆಯಲ್ಲಿ ಬರಬೇಕಾದ ಮಾತುಗಳು. ಫಾರ್ಮ್ಯಾಟ್ ಮಾಡಿದರೆ ಲೆಕ್ಕಪತ್ರದ ತಂತ್ರಾಂಶದ ಲೈಸೆನ್ಸ್, ವರ್ಷಗಟ್ಟಲೆ ಹೊಂದಿಸಿಕೊಂಡ ಪ್ರಿಂಟರ್, ಹಳೆಯ ನುಡಿ ಮತ್ತು ಬರಹದ ಫಾಂಟ್‌ಗಳು, ಮೇಲ್‌ನ ಸಂಗ್ರಹ, ಎಲ್ಲವನ್ನೂ ಮತ್ತೆ ಮೊದಲಿನಿಂದ ಕೂಡಿಸಬೇಕಾಗುತ್ತದೆ. ದೋಷ ಏನೆಂದು ನೋಡದೆ ಅಷ್ಟು ನಷ್ಟ ಮಾಡಿಕೊಳ್ಳುವ ಅಗತ್ಯವಿಲ್ಲ.

‘ಹೋಗುತ್ತಿಲ್ಲ’ ಎಂಬ ಒಂದೇ ದೂರಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ. ಮೊದಲನೆಯದು, ಈ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವಲ್ಲ ಎಂದು ಪರೀಕ್ಷೆಯಲ್ಲೇ ಹೇಳಿಬಿಡುವುದು. ಎರಡನೆಯದು, ಅರ್ಹತೆ ಇದ್ದರೂ ಅಪ್‌ಡೇಟ್ ಪುಟದಲ್ಲಿ ವಿಂಡೋಸ್ 11 ಕಾಣಿಸಿಕೊಳ್ಳದಿರುವುದು. ಮೂರನೆಯದು, ಇನ್‌ಸ್ಟಾಲ್ ಆರಂಭವಾಗಿ ಅರ್ಧ ದಾರಿ ಹೋಗಿ, ಮತ್ತೆ ವಿಂಡೋಸ್ 10ಕ್ಕೇ ಮರಳುವುದು. ಇವುಗಳ ಕಾರಣ ಬೇರೆ, ಪರಿಹಾರವೂ ಬೇರೆ. ನಿಮ್ಮದು ಯಾವ ಸ್ಥಿತಿ ಎಂದು ಗೊತ್ತಾಗುವವರೆಗೆ ಏನನ್ನೂ ಬದಲಿಸಬೇಡಿ. ಅದೇ ಇನ್‌ಸ್ಟಾಲನ್ನು ಅದೇ ರೀತಿಯಲ್ಲಿ ಮತ್ತೆ ಮತ್ತೆ ಓಡಿಸುವುದರಿಂದ ಸಮಯ ಮತ್ತು ಡೇಟಾ ವ್ಯರ್ಥವಾಗುತ್ತದೆಯೇ ಹೊರತು ಯಂತ್ರದಲ್ಲಿ ಏನೂ ಬದಲಾಗುವುದಿಲ್ಲ.

ಕೈ ಹಾಕುವ ಮೊದಲು

ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎಲ್ಲರಿಗೂ ನೆನಪಿರುತ್ತವೆ, ಮರೆತುಹೋಗುವುದು ಫಾಂಟ್‌ಗಳು. ಯೂನಿಕೋಡ್ ಬರುವ ಮೊದಲಿನ ನುಡಿ ಅಥವಾ ಬರಹದ ಅಕ್ಷರಗಳಲ್ಲಿ ಟೈಪ್ ಮಾಡಿದ ದಾಖಲೆಗಳು ನಿಮ್ಮಲ್ಲಿದ್ದರೆ, ಆ ಫಾಂಟ್ ಕಡತಗಳನ್ನೂ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಬೇರೆಯಾಗಿ ಎತ್ತಿಡಿ. ದಾಖಲೆ ಉಳಿದು ಫಾಂಟ್ ಹೋದರೆ ಆ ದಾಖಲೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ.

ಎರಡನೆಯ ಮುನ್ನೆಚ್ಚರಿಕೆ ಇನ್ನೂ ಮುಖ್ಯ: ಬಿಟ್‌ಲಾಕರ್ ರಿಕವರಿ ಕೀ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ತಿಳಿಯದಂತೆಯೇ ಡಿಸ್ಕ್ ಗೂಢಲಿಪೀಕರಣ ಆನ್ ಆಗಿರುತ್ತದೆ. ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ಓಡುವ, ಮದರ್‌ಬೋರ್ಡ್‌ನ ಮೂಲ ತಂತ್ರಾಂಶದಲ್ಲಿ) ಮುಂದೆ ಹೇಳಲಿರುವ ಬದಲಾವಣೆಗಳನ್ನು ಮಾಡಿದ ಕೂಡಲೇ ಯಂತ್ರ ನೀಲಿ ಪರದೆ ತೋರಿಸಿ 48 ಅಂಕಿಗಳ ಕೀ ಕೇಳಬಹುದು. ಅದು ಇಲ್ಲದಿದ್ದರೆ ಡಿಸ್ಕಿನಲ್ಲಿರುವುದು ಯಾರ ಕೈಗೂ ಸಿಗುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಬೇರೆ ಮೊಬೈಲ್‌ನಿಂದ ಲಾಗಿನ್ ಆಗಿ ಆ ಕೀ ಅಲ್ಲಿ ಇದೆಯೇ ಎಂದು ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ.

ಇನ್ನು ವಿದ್ಯುತ್. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ; ಇಲ್ಲವಾದರೆ ನಿಮ್ಮ ಊರಿನಲ್ಲಿ ಕರೆಂಟ್ ಹೋಗದ ಹೊತ್ತು ಯಾವುದೆಂದು ನಿಮಗೇ ಗೊತ್ತಿರುತ್ತದೆ.

ಮೊದಲ ನೋಟ: ಯಂತ್ರದ ಗುರುತು

ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಎಂದು ಹುಡುಕಿ ತೆರೆಯಿರಿ. ಆ ಒಂದು ಪುಟದಲ್ಲಿ ಬೇಕಾದುದರಲ್ಲಿ ಮುಕ್ಕಾಲು ಪಾಲು ಇರುತ್ತದೆ. ನೋಡಬೇಕಾದ ಸಾಲುಗಳು ನಾಲ್ಕು: ಪ್ರೊಸೆಸರ್, ಸಿಸ್ಟಮ್ ಟೈಪ್, ಬಯಾಸ್ ಮೋಡ್, ಸೆಕ್ಯೂರ್ ಬೂಟ್ ಸ್ಟೇಟ್.

ಸಿಸ್ಟಮ್ ಟೈಪ್ ಎದುರು ಎಕ್ಸ್86 ಎಂದಿದ್ದರೆ ನಿಮ್ಮ ವಿಂಡೋಸ್ 32 ಬಿಟ್‌ನದು. ವಿಂಡೋಸ್ 11 64 ಬಿಟ್‌ನಲ್ಲಿ ಮಾತ್ರ ಇದೆ. ಹಾಗಾಗಿ ಕಡತ, ತಂತ್ರಾಂಶ ಉಳಿಸಿಕೊಂಡು ಮೇಲೇರುವ ದಾರಿ ಇಲ್ಲಿ ಇಲ್ಲವೇ ಇಲ್ಲ. ಫಾರ್ಮ್ಯಾಟ್ ಮಾಡಲೇಬೇಕಾದ ಕೆಲವೇ ಸಂದರ್ಭಗಳಲ್ಲಿ ಇದೊಂದು, ಅದೂ ಪ್ರೊಸೆಸರ್ ಅರ್ಹವಾಗಿದ್ದರೆ ಮಾತ್ರ.

ಪ್ರೊಸೆಸರ್ ವಿಷಯದಲ್ಲಿ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಮತ್ತು ಅದಕ್ಕಿಂತ ಹೊಸದು ಬೇಕು. ಐ5-8250ಯು ಎಂದಿದ್ದರೆ ಅಡ್ಡಗೆರೆಯ ನಂತರದ 8 ತಲೆಮಾರನ್ನು ಹೇಳುತ್ತದೆ. ಐ5-7200ಯು ಏಳನೆಯದು, ಅದು ಪಟ್ಟಿಯಲ್ಲಿಲ್ಲ. ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಐ5-1035ಜಿ1 ಎಂಬುದನ್ನು ನೋಡಿ ‘ಒಂದನೆಯ ತಲೆಮಾರು, ಹಳೆಯದು’ ಎಂದು ಕೈಬಿಡುತ್ತಾರೆ. ಅದು ಹತ್ತನೆಯ ತಲೆಮಾರಿನದು. ಮೊದಲ ಎರಡು ಅಂಕಿಗಳನ್ನು ಕೂಡಿಸಿ ಓದಬೇಕು. ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಅರ್ಹತೆ ಶುರುವಾಗುತ್ತದೆ, ಆದರೆ ಆ ಸರಣಿಯ ಎಲ್ಲವೂ ಅಲ್ಲ. ರೈಜನ್ 3 2200ಜಿ ಮತ್ತು ರೈಜನ್ 5 2400ಜಿ ಹೊರಗುಳಿದಿವೆ, ಏಕೆಂದರೆ ಹೆಸರಿನಲ್ಲಿ ಎರಡು ಸಾವಿರವಿದ್ದರೂ ಒಳಗಿನ ವಿನ್ಯಾಸ ಮೊದಲ ತಲೆಮಾರಿನದು. ಸಂದೇಹವಿದ್ದರೆ ಮೈಕ್ರೋಸಾಫ್ಟ್‌ನ ಅಧಿಕೃತ ಪಟ್ಟಿಯಲ್ಲಿ ಪೂರ್ತಿ ಹೆಸರು ಹಿಡಿದು ನೋಡಿ.

ಉಳಿದ ಅರ್ಹತೆಗಳು 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 (ಗೂಢಲಿಪಿಯ ಕೀಗಳನ್ನು ಕಾಪಾಡುವ ಭದ್ರತಾ ಸೌಲಭ್ಯ) ಮತ್ತು ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದ ಮಾತ್ರ ಯಂತ್ರ ಏಳಲು ಬಿಡುವ ಭದ್ರತೆ) ಬೆಂಬಲಿಸುವ ಯುಇಎಫ್ಐ, ಅಂದರೆ ಹೊಸ ಬಗೆಯ ಬಯಾಸ್. ಮೈಕ್ರೋಸಾಫ್ಟ್‌ನದೇ ಆದ ‘ಪಿಸಿ ಹೆಲ್ತ್ ಚೆಕ್’ ಓಡಿಸಿದರೆ ಯಾವುದರ ಮುಂದೆ ಕೆಂಪು ಗುರುತು ಬಿದ್ದಿದೆ ಎಂದು ತಿಳಿಯುತ್ತದೆ. ಪ್ರೊಸೆಸರ್ ಮುಂದೆ ಕೆಂಪು ಬಿದ್ದಿದ್ದರೆ ‘ಪ್ರೊಸೆಸರೇ ಹಳೆಯದಾದರೆ’ ಎಂಬ ಭಾಗಕ್ಕೆ ಹೋಗಿ. ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಮುಂದೆ ಬಿದ್ದಿದ್ದರೆ ಎದೆಗುಂದಬೇಡಿ. ಬಹಳ ಸಲ ಅದು ಆಫ್ ಆಗಿದೆ ಎಂಬುದಷ್ಟೇ ಅದರ ಅರ್ಥ.

ಟಿಪಿಎಂ ಮತ್ತು ಸೆಕ್ಯೂರ್ ಬೂಟ್

2016ರ ಜುಲೈ 28ರ ನಂತರ ವಿಂಡೋಸ್ 10 ಸಹಿತ ತಯಾರಾದ ಕಂಪನಿ ಯಂತ್ರಗಳಲ್ಲಿ ಟಿಪಿಎಂ 2.0 ಕಡ್ಡಾಯವಾಗಿತ್ತು. ಹಾಗಾಗಿ ಎಂಟನೆಯ ತಲೆಮಾರಿನ ಲ್ಯಾಪ್‌ಟಾಪ್‌ನಲ್ಲಿ ಅದು ಇಲ್ಲವೆಂದು ಬಂದರೆ ನಾನು ನಂಬುವುದಿಲ್ಲ, ಬಯಾಸ್ ತೆರೆದು ನೋಡುತ್ತೇನೆ. ಬಿಡಿಭಾಗ ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಕತೆ ಬೇರೆ: ಮದರ್‌ಬೋರ್ಡ್‌ನಲ್ಲಿ ಸೌಲಭ್ಯ ಇರುತ್ತದೆ, ಅದನ್ನು ಯಾರೂ ಆನ್ ಮಾಡಿರುವುದಿಲ್ಲ. ಕಂಪ್ಯೂಟರ್ ಆನ್ ಮಾಡುವಾಗ ಎಫ್2 ಅಥವಾ ಡಿಲೀಟ್ ಒತ್ತಿ ಬಯಾಸ್‌ಗೆ ಹೋಗಿ, ಸೆಕ್ಯುರಿಟಿ ಅಥವಾ ಅಡ್ವಾನ್ಸ್ಡ್ ಪುಟದಲ್ಲಿ ಹುಡುಕಿ. ಟಿಪಿಎಂ ಎಂಬ ಹೆಸರೇ ಸಿಗದಿರಬಹುದು. ಇಂಟೆಲ್‌ನಲ್ಲಿ ಅದನ್ನು ಪಿಟಿಟಿ ಎಂದೂ ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದೂ ಬರೆದಿರುತ್ತಾರೆ. ಆನ್ ಮಾಡಿ, ಉಳಿಸಿ, ಹೊರಬನ್ನಿ. ಅದೇ ಪುಟದಲ್ಲಿ ಟಿಪಿಎಂ ಅಳಿಸುವ ಆಯ್ಕೆಯೂ ಇರುತ್ತದೆ. ಅದನ್ನು ಮುಟ್ಟಬೇಡಿ, ಬಿಟ್‌ಲಾಕರ್ ಇರುವ ಯಂತ್ರದಲ್ಲಂತೂ ಮುಟ್ಟಲೇಬೇಡಿ.

ಸೆಕ್ಯೂರ್ ಬೂಟ್ ಸಾಲಿನಲ್ಲಿ ‘ಆಫ್’ ಎಂದಿದ್ದರೆ ಅದು ಅಡ್ಡಿಯಲ್ಲ. ವಿಂಡೋಸ್ 11 ಕೇಳುವುದು ಆ ಸಾಮರ್ಥ್ಯವನ್ನು ಮಾತ್ರ. ‘ಅನ್‌ಸಪೋರ್ಟೆಡ್’ ಎಂದಿದ್ದು, ಬಯಾಸ್ ಮೋಡ್ ಎದುರು ‘ಲೆಗಸಿ’ ಎಂದಿದ್ದರೆ ಆಗ ಕೆಲಸವಿದೆ. ಇಲ್ಲಿ ಅವಸರ ಪಟ್ಟವರೇ ಹೆಚ್ಚು ತೊಂದರೆಗೆ ಸಿಕ್ಕಿರುವುದು. ಬಯಾಸ್‌ಗೆ ಹೋಗಿ ಲೆಗಸಿ ತೆಗೆದು ಯುಇಎಫ್ಐ ಹಾಕಿದ ಕೂಡಲೇ ಕಂಪ್ಯೂಟರ್ ಬೂಟ್ ಆಗುವುದೇ ನಿಂತುಹೋಗುತ್ತದೆ, ಏಕೆಂದರೆ ಡಿಸ್ಕಿನ ವಿಭಾಗಗಳ (ಪಾರ್ಟಿಷನ್‌ಗಳ) ಪಟ್ಟಿ ಇನ್ನೂ ಹಳೆಯ ಎಂಬಿಆರ್ ಕ್ರಮದಲ್ಲೇ ಇರುತ್ತದೆ. ಹಾಗೆ ಆಗಿದ್ದರೆ ಗಾಬರಿ ಬೇಡ. ಬಯಾಸ್‌ನಲ್ಲಿ ಮತ್ತೆ ಲೆಗಸಿ ಹಾಕಿದರೆ ವಿಂಡೋಸ್ ಮರಳುತ್ತದೆ. ಸರಿಯಾದ ಅನುಕ್ರಮವೆಂದರೆ ಮೊದಲು ಡಿಸ್ಕನ್ನು ಹೊಸ ಕ್ರಮವಾದ ಜಿಪಿಟಿಗೆ ಪರಿವರ್ತಿಸುವುದು, ಆಮೇಲೆ ಬಯಾಸ್ ಬದಲಿಸುವುದು.

ಪರಿವರ್ತನೆಗೆ ವಿಂಡೋಸ್‌ನೊಳಗೇ ಎಂಬಿಆರ್2ಜಿಪಿಟಿ ಎಂಬ ಸಾಧನವಿದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಈ ಹೆಸರಿನ ನಂತರ ಸ್ಲ್ಯಾಶ್ ಹಾಕಿ ‘ವ್ಯಾಲಿಡೇಟ್’, ಮತ್ತೆ ಸ್ಲ್ಯಾಶ್ ಹಾಕಿ ‘ಅಲೋಫುಲ್‌ಒಎಸ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಬೇಕು. ಇದು ಪರೀಕ್ಷೆ ಮಾತ್ರ, ಏನನ್ನೂ ಬದಲಿಸುವುದಿಲ್ಲ. ಪರೀಕ್ಷೆ ಪಾಸಾದರೆ ‘ವ್ಯಾಲಿಡೇಟ್’ ಜಾಗದಲ್ಲಿ ‘ಕನ್ವರ್ಟ್’ ಹಾಕಿ ಓಡಿಸಿ. ಡಿಸ್ಕಿನಲ್ಲಿರುವ ಕಡತಗಳು ಹಾಗೆಯೇ ಉಳಿಯುತ್ತವೆ.

ಪರೀಕ್ಷೆ ಫೇಲಾದರೆ ಕಾರಣ ಬಹುಪಾಲು ಪಾರ್ಟಿಷನ್‌ಗಳಲ್ಲಿರುತ್ತದೆ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರಬಾರದು, ಎಕ್ಸ್‌ಟೆಂಡೆಡ್ ಅಥವಾ ಲಾಜಿಕಲ್ ಪಾರ್ಟಿಷನ್ ಇರಲೇಬಾರದು. ನಮ್ಮಲ್ಲಿ ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಒಂದೇ ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ಕತ್ತರಿಸಿ ಕೊಡುವ ಹಳೆಯ ಅಭ್ಯಾಸವಿದೆ. ಡಿ ಇಂದ ಮುಂದಿನವು ಬಹುಮಟ್ಟಿಗೆ ಲಾಜಿಕಲ್ ಆಗಿರುತ್ತವೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಹಸಿರು ಚೌಕಟ್ಟಿನೊಳಗೆ ಅವು ಕೂತಿರುವುದು ಕಾಣಿಸುತ್ತದೆ. ಅವುಗಳಲ್ಲಿರುವುದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ನಕಲು ತೆರೆಯುತ್ತಿದೆಯೇ ಎಂದು ಪರೀಕ್ಷಿಸಿ, ಆ ನಂತರ ಆ ಪಾರ್ಟಿಷನ್‌ಗಳನ್ನು ಅಳಿಸಿ ಪರಿವರ್ತನೆ ಮಾಡಬೇಕು. ತಾಳ್ಮೆ ಬೇಡುವ ಕೆಲಸ ಇದು, ಸಂಜೆ ಅವಸರದಲ್ಲಿ ಮಾಡುವಂಥದ್ದಲ್ಲ.

ಅರ್ಹತೆ ಇದೆ, ಆದರೂ ಬರುತ್ತಿಲ್ಲ

ಎಲ್ಲವೂ ಹಸಿರಾಗಿದ್ದು ಅಪ್‌ಡೇಟ್ ಪುಟದಲ್ಲಿ ವಿಂಡೋಸ್ 11 ಕಾಣದಿದ್ದರೆ ಮೊದಲು ನಿಮ್ಮ ವಿಂಡೋಸ್ 10 ಯಾವ ಆವೃತ್ತಿ ಎಂದು ನೋಡಿ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ 22ಎಚ್2 ಎಂದಿರಬೇಕು. ಅದೇ ವಿಂಡೋಸ್ 10ರ ಕೊನೆಯ ಆವೃತ್ತಿ. ಹಿಂದುಳಿದಿದ್ದರೆ ಮೊದಲು ಅಲ್ಲಿಗೆ ಬನ್ನಿ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಇಂಟರ್‌ನೆಟ್ ಪಡೆಯುತ್ತಿದ್ದರೆ ಆ ಸಂಪರ್ಕ ‘ಮೀಟರ್ಡ್’ (ಡೇಟಾ ಮಿತಿ ಇರುವಂಥದ್ದು) ಎಂದು ಗುರುತಾಗಿದೆಯೇ ನೋಡಿ. ಹಾಗಿದ್ದರೆ ದೊಡ್ಡ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ.

ಕಚೇರಿಯಿಂದ ಕೊಟ್ಟ ಅಥವಾ ಕಚೇರಿಯಿಂದ ಹರಾಜಿನಲ್ಲಿ ಕೊಂಡ ಯಂತ್ರವಾದರೆ ಬೇರೊಂದು ಅಡ್ಡಿ ಇರಬಹುದು. ಐಟಿ ವಿಭಾಗದವರು ‘ವಿಂಡೋಸ್ 10, 22ಎಚ್2ರಲ್ಲೇ ನಿಲ್ಲು’ ಎಂದು ಪಾಲಿಸಿ ಹಾಕಿರುತ್ತಾರೆ. ಅಪ್‌ಡೇಟ್ ಪುಟದ ಮೇಲ್ಭಾಗದಲ್ಲಿ ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಇದ್ದರೆ ಇದೇ ಕಾರಣವಿರಬಹುದು. ಕಚೇರಿಯ ಯಂತ್ರವಾದರೆ ಅವರನ್ನೇ ಕೇಳಿ. ನಿಮ್ಮದೇ ಆದರೆ ಗ್ರೂಪ್ ಪಾಲಿಸಿಯಲ್ಲಿ ವಿಂಡೋಸ್ ಅಪ್‌ಡೇಟ್ ಭಾಗದ ‘ಟಾರ್ಗೆಟ್ ಫೀಚರ್ ಅಪ್‌ಡೇಟ್ ವರ್ಷನ್’ ಅನ್ನು ‘ನಾಟ್ ಕಾನ್ಫಿಗರ್ಡ್’ ಮಾಡಿ.

ಇವ್ಯಾವುವೂ ಅಲ್ಲದಿದ್ದರೆ ಮೈಕ್ರೋಸಾಫ್ಟ್ ತಾನೇ ತಡೆದಿರಬಹುದು. ನಿರ್ದಿಷ್ಟ ಡ್ರೈವರ್ (ಸಾಧನವನ್ನು ವಿಂಡೋಸ್‌ಗೆ ಹೊಂದಿಸುವ ತಂತ್ರಾಂಶ) ಅಥವಾ ಬೇರೆ ತಂತ್ರಾಂಶ ಇರುವ ಯಂತ್ರಗಳು ಹೊಸ ಆವೃತ್ತಿಯಲ್ಲಿ ಕೆಡುತ್ತವೆ ಎಂದು ಗೊತ್ತಾದಾಗ ಅಂಥವಕ್ಕೆ ‘ಸೇಫ್‌ಗಾರ್ಡ್ ಹೋಲ್ಡ್’ ಹಾಕುತ್ತಾರೆ. ಇಂಟೆಲ್‌ನ ಹನ್ನೊಂದನೆಯ ತಲೆಮಾರಿನ ಪ್ರೊಸೆಸರ್ ಜೊತೆಗಿದ್ದ ಸ್ಮಾರ್ಟ್ ಸೌಂಡ್ ಆಡಿಯೊ ಡ್ರೈವರಿನ ಕೆಲವು ಆವೃತ್ತಿಗಳಿಗೆ ಹೀಗೆ ತಡೆ ಬಿದ್ದಿತ್ತು. ಡ್ರೈವರ್ ಹೊಸದಾದರೆ ತಡೆ ಹೋಗುತ್ತಿತ್ತು. ಈ ತಡೆಯನ್ನು ದಾಟಿ ಬಲವಂತವಾಗಿ ಇನ್‌ಸ್ಟಾಲ್ ಮಾಡುವ ದಾರಿಗಳಿವೆ. ನಾನು ಮಾಡುವುದಿಲ್ಲ, ನಿಮಗೂ ಹೇಳುವುದಿಲ್ಲ. ಯಂತ್ರ ತಯಾರಕರ ತಾಣದಿಂದ ಆಡಿಯೊ, ಗ್ರಾಫಿಕ್ಸ್, ಸ್ಟೋರೇಜ್ ಡ್ರೈವರ್‌ಗಳನ್ನೂ ಬಯಾಸ್ ಅಪ್‌ಡೇಟನ್ನೂ ಹಾಕಿ ಕಾಯುವುದೇ ಸರಿ.

ಅರ್ಧಕ್ಕೆ ಹೋಗಿ ಮರಳುವ ಯಂತ್ರ

ನಿಜವಾದ ಪತ್ತೇದಾರಿಕೆ ಇಲ್ಲಿದೆ. ಪರದೆಯ ಮೇಲೆ ಶೇಕಡಾ ಏರುತ್ತಾ ಹೋಗಿ, ರೀಸ್ಟಾರ್ಟ್ ಆಗಿ, ಕೊನೆಗೆ ಬದಲಾವಣೆಗಳನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ ಎಂಬ ಸಂದೇಶ ಬರುತ್ತದೆ. ಅಲ್ಲಿಂದ ಮುಂದೆ ಜನ ನೋಡುವುದು ಬೇಸರದಿಂದ, ನೋಡಬೇಕಾದುದು ಕೋಡನ್ನು. ಮರಳಿ ವಿಂಡೋಸ್ 10 ತೆರೆದಾಗ ಅಥವಾ ಅಪ್‌ಡೇಟ್ ಹಿಸ್ಟರಿಯಲ್ಲಿ ಒಂದು ಕೋಡ್ ಇರುತ್ತದೆ. ಎಲ್ಲ ಕೋಡ್‌ಗಳ ಮೊದಲಿಗೂ ಸೊನ್ನೆ ಮತ್ತು ಎಕ್ಸ್ ಇರುತ್ತವೆ. ಇಲ್ಲಿ ಅವನ್ನು ಬಿಟ್ಟು ಬರೆಯುತ್ತಿದ್ದೇನೆ.

ಐಎಸ್ಒ ಕಡತದಿಂದ (ಮೈಕ್ರೋಸಾಫ್ಟ್‌ನ ತಾಣದಿಂದ ಇಳಿಸಿಕೊಳ್ಳುವ ವಿಂಡೋಸ್ 11ರ ಪೂರ್ತಿ ಕಡತದಿಂದ) ಇನ್‌ಸ್ಟಾಲ್ ಮಾಡಿದಾಗ ಕೋಡ್ ಎರಡು ಭಾಗಗಳಲ್ಲಿ ಬರುತ್ತದೆ, ಉದಾಹರಣೆಗೆ ಸಿ1900101 - 30018. ಮೊದಲ ಭಾಗ ಏನಾಯಿತು ಎಂಬುದನ್ನು ಹೇಳುತ್ತದೆ, ಎರಡನೆಯದು ಎಲ್ಲಿ ಆಯಿತು ಎಂಬುದನ್ನು. ಎರಡನೆಯ ಭಾಗದ ಮೊದಲ ಅಂಕಿಯೇ ಹಂತ. 1 ಎಂದರೆ ವಿಂಡೋಸ್ 10 ಇನ್ನೂ ಓಡುತ್ತಿರುವಾಗಲೇ ನಿಂತಿದೆ. 2 ಎಂದರೆ ಮೊದಲ ರೀಸ್ಟಾರ್ಟ್ ನಂತರದ ಸುರಕ್ಷಿತ ಪರಿಸರದಲ್ಲಿ. 3 ಎಂದರೆ ಹೊಸ ವಿಂಡೋಸ್ ಮೊದಲ ಬಾರಿ ಎದ್ದಾಗ. 4 ಎಂದರೆ ಎರಡನೆಯ ಬಾರಿ ಎದ್ದು ನಿಮ್ಮ ಕಡತ, ಸೆಟ್ಟಿಂಗ್‌ಗಳನ್ನು ತರುತ್ತಿದ್ದಾಗ. ವೈದ್ಯರಿಗೆ ‘ಹೊಟ್ಟೆ ನೋವು’ ಎನ್ನುವುದಕ್ಕೂ ‘ಬಲಗಡೆ ಕೆಳಗೆ’ ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿದೆ.

ಮೊದಲ ಭಾಗದಲ್ಲಿ ಹೆಚ್ಚಾಗಿ ಕಾಣುವವು ಕೆಲವೇ. 80070070 ಮತ್ತು ಸಿ190020ಇ ಬಂದರೆ ಜಾಗ ಸಾಲದು. ಸಿ ಡ್ರೈವಿನಲ್ಲಿ ಕನಿಷ್ಠ 20 ಜಿಬಿ, ಸಾಧ್ಯವಾದರೆ 30 ಜಿಬಿ ಖಾಲಿ ಮಾಡಿ. ಸಿ1900208 ಎಂದರೆ ಹೊಂದದ ತಂತ್ರಾಂಶವೊಂದು ಕೂತಿದೆ, ಬಹುಮಟ್ಟಿಗೆ ಹಳೆಯ ಆಂಟಿವೈರಸ್ ಅಥವಾ ವಿಪಿಎನ್. 80073712 ಎಂದರೆ ಅಪ್‌ಡೇಟ್‌ಗೆ ಬೇಕಾದ ಸಿಸ್ಟಮ್ ಕಡತ ಕೆಟ್ಟಿದೆ ಅಥವಾ ಕಳೆದಿದೆ. ಅದಕ್ಕೆ ವಿಂಡೋಸ್‌ನೊಳಗೇ ಇರುವ ಎರಡು ದುರಸ್ತಿ ಕಮಾಂಡ್‌ಗಳಲ್ಲಿ ಮೊದಲು ಡಿಐಎಸ್ಎಂನ ‘ರಿಸ್ಟೋರ್‌ಹೆಲ್ತ್’, ನಂತರ ಎಸ್ಎಫ್‌ಸಿಯ ‘ಸ್ಕ್ಯಾನ್‌ನೌ’ ಓಡಿಸಬೇಕು, ಇದೇ ಅನುಕ್ರಮದಲ್ಲಿ. ಮೊದಲನೆಯದು ದುರಸ್ತಿಗೆ ಬೇಕಾದ ಮೂಲ ಕಡತಗಳನ್ನು ಸರಿಪಡಿಸುತ್ತದೆ, ಎರಡನೆಯದು ಅವುಗಳಿಂದ ದುರಸ್ತಿ ಮಾಡುತ್ತದೆ. 8007001ಎಫ್ - 3000ಡಿ ಬಂದರೆ ಬಳಕೆದಾರರ ಪ್ರೊಫೈಲ್‌ಗಳನ್ನು ನೋಡಿ: ಎಂದೋ ಅಳಿಸಿದ ಖಾತೆಯ ಗುರುತು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರದಲ್ಲಿ) ಉಳಿದು, ಅದರ ಫೋಲ್ಡರ್ ಇಲ್ಲದಿರುತ್ತದೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವ ಸಿ1900101. ಇದು ಬಂದರೆ ಡ್ರೈವರನ್ನೇ ಅನುಮಾನಿಸಬೇಕು. ಮೊದಲು ಮಾಡಬೇಕಾದುದು ಸರಳ: ಕೀಬೋರ್ಡ್, ಮೌಸ್, ಒಂದು ಪರದೆ ಬಿಟ್ಟು ಉಳಿದೆಲ್ಲವನ್ನೂ ಕಳಚಿ. ಪ್ರಿಂಟರ್, ಬಾರ್‌ಕೋಡ್ ಓದುಗ, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್, ಹೊರಗಿನ ಡಿಸ್ಕ್, ಎಲ್ಲವನ್ನೂ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ನಿಲ್ಲಿಸಿದರೆ ಸಾಲದು, ತೆಗೆದುಹಾಕಿ; ಇನ್‌ಸ್ಟಾಲ್ ಮುಗಿಯುವವರೆಗೆ ವಿಂಡೋಸ್‌ನ ಡಿಫೆಂಡರ್ ಕಾಯುತ್ತದೆ. ಆಮೇಲೆ ಐಎಸ್ಒ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಸೆಟಪ್ ಓಡಿಸಿ, ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳುವ ಬಗೆ ಕೇಳಿದಾಗ ‘ಈಗ ಬೇಡ’ ಎಂಬುದನ್ನು ಆರಿಸಿ.

ಇಷ್ಟಾದರೂ ಮರಳಿದರೆ ಲಾಗ್ ಓದಬೇಕು. ಲಾಗ್ ಎಂದರೆ ಹೆದರುವವರಿಗಾಗಿಯೇ ಸೆಟಪ್‌ಡಯಾಗ್ ಎಂಬ ಸಾಧನವನ್ನು ಮೈಕ್ರೋಸಾಫ್ಟ್ ಸೆಟಪ್ ಜೊತೆಗೇ ಕೊಟ್ಟಿದೆ. ಇನ್‌ಸ್ಟಾಲ್ ಸೋತಾಗ ಅದು ತಾನೇ ಓಡಿ, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಲಾಗ್ಸ್, ಅದರೊಳಗೆ ಸೆಟಪ್‌ಡಯಾಗ್ ಎಂಬಲ್ಲಿ ಫಲಿತಾಂಶದ ಕಡತ ಇಡುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಕು.

ಒಂದು ಡಿಟಿಪಿ ಕೇಂದ್ರದ ಡೆಸ್ಕ್‌ಟಾಪ್ ಇದಕ್ಕೆ ಒಳ್ಳೆಯ ಉದಾಹರಣೆ. ಹತ್ತನೆಯ ತಲೆಮಾರಿನ ಐ5, 16 ಜಿಬಿ ರ‍್ಯಾಮ್, ಹೆಲ್ತ್ ಚೆಕ್‌ನಲ್ಲಿ ಎಲ್ಲವೂ ಹಸಿರು. ಆದರೂ ಪ್ರತಿ ಸಲ ಸಿ1900101 - 30018. ಮೂರನೆಯ ಹಂತ, ಎಂದರೆ ಹೊಸ ವಿಂಡೋಸ್ ಎದ್ದು ಯಂತ್ರದ ಭಾಗಗಳನ್ನು ಗುರುತಿಸಿಕೊಳ್ಳುವ ಹೊತ್ತಿಗೆ ಬೀಳುತ್ತಿದೆ. ಹೊರಗಿನದನ್ನೆಲ್ಲ ಕಳಚಿದ್ದಾಗಿತ್ತು. ಫಲಿತಾಂಶದ ಕಡತದಲ್ಲಿ ಡ್ರೈವರ್ ಕಡತವೊಂದರ ಹೆಸರಿತ್ತು, ‘ಒಇಎಂ’ ಎಂದು ಶುರುವಾಗಿ ಮುಂದೆ ಒಂದು ಸಂಖ್ಯೆ. ಇಂಥ ಹೆಸರಿನಿಂದ ಏನೂ ತಿಳಿಯುವುದಿಲ್ಲ. ವಿಂಡೋಸ್ ಹೊರಗಿನ ಡ್ರೈವರ್‌ಗಳಿಗೆಲ್ಲ ಹೀಗೆಯೇ ಸಂಖ್ಯೆ ಕೊಡುತ್ತದೆ. ಪಿಎನ್‌ಪಿಯುಟಿಲ್ ಎಂಬ ಕಮಾಂಡಿಗೆ ‘ಎನಮ್-ಡ್ರೈವರ್ಸ್’ ಎಂದು ಕೇಳಿದರೆ ಪ್ರತಿ ಸಂಖ್ಯೆಯ ಎದುರು ಮೂಲ ಹೆಸರು, ತಯಾರಕರು, ದಿನಾಂಕ ಬರುತ್ತವೆ. ಆ ಪಟ್ಟಿಯಲ್ಲಿ ನೋಡಿದಾಗ ಅದು ಕೇಂದ್ರದವರು ಬಳಸುವುದನ್ನು ಎಂದೋ ಬಿಟ್ಟಿದ್ದ ಪುಟವಿನ್ಯಾಸ ತಂತ್ರಾಂಶದ ಡಾಂಗಲ್ (ಲೈಸೆನ್ಸ್‌ಗಾಗಿ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ) ಡ್ರೈವರ್. ಡಾಂಗಲ್ ಡ್ರಾಯರಿನಲ್ಲೂ ಇರಲಿಲ್ಲ. ಡ್ರೈವರ್ ಮಾತ್ರ ಪ್ರತಿ ಬೂಟ್‌ನಲ್ಲೂ ಏಳುತ್ತಿತ್ತು. ಅದೇ ಪಿಎನ್‌ಪಿಯುಟಿಲ್‌ನಿಂದ, ‘ಡಿಲೀಟ್-ಡ್ರೈವರ್’ ಜೊತೆಗೆ ‘ಅನ್‌ಇನ್‌ಸ್ಟಾಲ್’ ಸೇರಿಸಿ ಅದನ್ನು ತೆಗೆದು ರೀಸ್ಟಾರ್ಟ್ ಮಾಡಿದ ನಂತರ ಇನ್‌ಸ್ಟಾಲ್ ತಡೆಯಿಲ್ಲದೆ ಮುಗಿಯಿತು. ಅವರ ಫಾಂಟ್‌ಗಳು, ಲಗ್ನಪತ್ರಿಕೆಗಳ ವಿನ್ಯಾಸಗಳು ಇದ್ದಲ್ಲೇ ಇದ್ದವು. ಸಾಧನವನ್ನು ಕಳಚುವುದು ಬೇರೆ, ಅದರ ಡ್ರೈವರನ್ನು ತೆಗೆಯುವುದು ಬೇರೆ ಎಂಬುದನ್ನು ನೆನಪಿಡಿ.

ನೂರು ಎಂಬಿಯ ಚಿಕ್ಕ ಕೋಣೆ

ಸಿ ಡ್ರೈವಿನಲ್ಲಿ ನೂರಾರು ಜಿಬಿ ಖಾಲಿ ಇದ್ದರೂ ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ ಎಂಬ ಸಂದೇಶ, ಅಥವಾ 800ಎಫ್0922 ಕೋಡ್ ಬರುವುದುಂಟು. ಇದನ್ನು ಕಂಡ ಅನೇಕರು ಫೋಟೋ, ವಿಡಿಯೊಗಳನ್ನು ಅಳಿಸುತ್ತಾರೆ. ಅದರಿಂದ ಒಂದು ಕೂದಲಿನಷ್ಟೂ ಪ್ರಯೋಜನವಿಲ್ಲ. ಇಲ್ಲಿ ತುಂಬಿರುವುದು ಬೂಟ್ ಕಡತಗಳಿರುವ ಅಡಗಿದ ಇಎಫ್ಐ ಪಾರ್ಟಿಷನ್. ಅದರ ಗಾತ್ರ ಸಾಮಾನ್ಯವಾಗಿ 100 ಎಂಬಿ. ವಿಂಡೋಸ್ ಅಪ್‌ಗ್ರೇಡ್‌ಗೆ ಅಲ್ಲಿ ಸುಮಾರು 15 ಎಂಬಿ ಬಿಡುವು ಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇದು ಪೂರ್ತಿ ಖಾಲಿ ಎಂದು ಕಾಣುತ್ತದೆ. ಆ ಲೆಕ್ಕವನ್ನು ನಂಬಬೇಡಿ.

ಡಿಸ್ಕ್ ಜಿಪಿಟಿ ಆಗಿದ್ದರೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಮೌಂಟ್‌ವಾಲ್’, ಬಿಡುವು, ‘ವೈ’ ಅಕ್ಷರ, ಅದಕ್ಕೆ ಅಂಟಿ ಕೋಲನ್, ಬಿಡುವು, ಸ್ಲ್ಯಾಶ್, ‘ಎಸ್’ ಎಂದು ಕೊಟ್ಟರೆ ಆ ಪಾರ್ಟಿಷನ್ ವೈ ಡ್ರೈವಾಗಿ ತೆರೆದುಕೊಳ್ಳುತ್ತದೆ. ಒಳಗೆ ಇಎಫ್ಐ, ಅದರೊಳಗೆ ಮೈಕ್ರೋಸಾಫ್ಟ್, ಬೂಟ್, ಕೊನೆಗೆ ಫಾಂಟ್ಸ್ ಫೋಲ್ಡರ್. ಬೂಟ್ ಪರದೆಯಲ್ಲಿ ಅಕ್ಷರ ತೋರಿಸಲು ಇಟ್ಟಿರುವ ಈ ಫಾಂಟ್‌ಗಳನ್ನು ಅಳಿಸಬಹುದು. ಬೇಕಾದ ಜಾಗ ಬಹಳ ಸಲ ಅಷ್ಟರಿಂದಲೇ ಸಿಗುತ್ತದೆ. ಆದರೆ ಅಳಿಸುವ ಮುನ್ನ ನೀವು ನಿಂತಿರುವುದು ಅದೇ ಫೋಲ್ಡರಿನಲ್ಲಿ ಎಂದು ಸಾಲನ್ನು ಎರಡು ಬಾರಿ ಓದಿ. ಒಂದು ಮೆಟ್ಟಿಲು ಮೇಲೆ ನಿಂತು ಅಳಿಸಿದರೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಕೆಲವು ತಯಾರಕರು ಇದೇ ಪಾರ್ಟಿಷನ್‌ನಲ್ಲಿ ಬಯಾಸ್‌ನ ಹಳೆಯ ಪ್ರತಿಗಳನ್ನು ತುಂಬಿರುತ್ತಾರೆ. ಅವು ದೊಡ್ಡವೆಂದು ಕಂಡರೂ ಮೊದಲು ಹೊರಗೆ ನಕಲು ಮಾಡದೆ ಕೈ ಹಾಕಬೇಡಿ.

ತಂತ್ರಾಂಶ ಉಳಿಸುವ ಆಯ್ಕೆ ಮಸುಕಾಗಿದ್ದರೆ

ಐಎಸ್ಒ ಓಡಿಸಿದಾಗ ಕಡತ ಮತ್ತು ತಂತ್ರಾಂಶ ಎರಡನ್ನೂ ಉಳಿಸುವ ಆಯ್ಕೆ ಒತ್ತಲಾಗದಂತೆ ಮಸುಕಾಗಿದ್ದರೆ ಅಲ್ಲೇ ನಿಲ್ಲಿಸಿ, ಮುಂದೆ ಒತ್ತಬೇಡಿ. ಕಾರಣ ಸಾಮಾನ್ಯವಾಗಿ ಭಾಷೆ. ನಮ್ಮಲ್ಲಿ ಮಾರಾಟವಾದ ಯಂತ್ರಗಳಲ್ಲಿ ಕೆಲವದರ ಮೂಲ ಭಾಷೆ ಅಮೆರಿಕದ ಇಂಗ್ಲಿಷ್, ಕೆಲವದರದು ಬ್ರಿಟನ್ನಿನ ಇಂಗ್ಲಿಷ್. ಡೌನ್‌ಲೋಡ್ ಪುಟದಲ್ಲಿ ಇವು ‘ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್’ ಮತ್ತು ‘ಇಂಗ್ಲಿಷ್ ಇಂಟರ್‌ನ್ಯಾಷನಲ್’ ಎಂದು ಬೇರೆ ಬೇರೆಯಾಗಿವೆ. ಎರಡೂ ಇಂಗ್ಲಿಷೇ ಎಂದು ಯಾವುದೋ ಒಂದನ್ನು ಇಳಿಸಿಕೊಂಡರೆ ಹೊಂದುವುದಿಲ್ಲ. ಡಿಐಎಸ್ಎಂಗೆ ‘ಗೆಟ್-ಇಂಟ್ಲ್’ ಎಂದು ಕೇಳಿದರೆ ಮೂಲ ಭಾಷೆ ಯಾವುದೆಂದು ತೋರಿಸುತ್ತದೆ. ವಿಂಡೋಸನ್ನು ಕನ್ನಡದಲ್ಲಿ ಬಳಸುವವರೂ ಇದನ್ನು ನೋಡಲೇಬೇಕು: ಕನ್ನಡದ ಪರದೆ ಮೇಲಿನ ಪದರ, ಅಡಿಯ ಮೂಲ ಭಾಷೆ ಇಂಗ್ಲಿಷೇ ಆಗಿರುತ್ತದೆ.

ಪ್ರೊಸೆಸರೇ ಹಳೆಯದಾದರೆ

ರಿಜಿಸ್ಟ್ರಿ ತಿದ್ದಿ, ಇಲ್ಲವೇ ವಿಶೇಷ ಯುಎಸ್‌ಬಿ ತಯಾರಿಸಿ ಅರ್ಹವಲ್ಲದ ಯಂತ್ರಕ್ಕೂ ವಿಂಡೋಸ್ 11 ಹಾಕುವ ಉಪಾಯಗಳು ಎಲ್ಲೆಡೆ ಸಿಗುತ್ತವೆ. ಕೆಲಸ ಮಾಡುವುದೂ ನಿಜ. ಆದರೆ ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮುಂದೆ ಪಾಪ್‌ಕೌಂಟ್, ಎಸ್ಎಸ್ಇ4.2 ಎಂಬ ಪ್ರೊಸೆಸರ್ ಸೂಚನೆಗಳೂ ಬೇಕು. ಕೋರ್ 2 ಡ್ಯುಯೋ ಕಾಲದ ಯಂತ್ರಗಳಲ್ಲಿ ಅವೆರಡೂ ಇಲ್ಲ, ಅದನ್ನು ಯಾವ ಉಪಾಯವೂ ದಾಟಿಸುವುದಿಲ್ಲ. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ, ಗ್ರಾಹಕರ ದಾಖಲೆ ಇರುವ ಯಂತ್ರಕ್ಕೆ ಇಂಥ ಪ್ರಯೋಗ ಬೇಡವೇ ಬೇಡ.

ಬದಲಿಗೆ ಎರಡು ನೇರ ದಾರಿಗಳಿವೆ. ವಿಂಡೋಸ್ 10, 22ಎಚ್2 ಇರುವ ಮನೆಬಳಕೆಯ ಯಂತ್ರಗಳನ್ನು ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳು ಸಿಗುವಂತೆ ಯೋಜನೆ ರೂಪಿಸಲಾಗಿದೆ. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ಹಣ ಕೊಡಬೇಕಾಗಿಲ್ಲ. ಸೇರುವ ಕೊಂಡಿ ಅಪ್‌ಡೇಟ್ ಪುಟದಲ್ಲೇ ಇರುತ್ತದೆ. ಎರಡನೆಯದು ಲಿನಕ್ಸ್. ಬ್ರೌಸರ್, ಮೇಲ್, ಬರವಣಿಗೆಗೆ ಮಾತ್ರ ಬಳಸುವ ಯಂತ್ರಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಧಾರಾಳವಾಗಿ ಸಾಕು, ಯೂನಿಕೋಡ್ ಕನ್ನಡದ ಟೈಪಿಂಗ್ ಕೂಡ ಅಲ್ಲಿ ಸಲೀಸು. ಒಳ್ಳೆಯ ಸ್ಥಿತಿಯಲ್ಲಿರುವ ಏಳನೆಯ ತಲೆಮಾರಿನ ಲ್ಯಾಪ್‌ಟಾಪ್ ಗುಜರಿಗೆ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಏರಿದ ಮೇಲೆ

ಇನ್‌ಸ್ಟಾಲ್ ಮುಗಿದ ಕೂಡಲೇ ಜಾಗ ಉಳಿಸಲು ಡಿಸ್ಕ್ ಕ್ಲೀನಪ್ ಓಡಿಸಬೇಡಿ. ವಿಂಡೋಸ್.ಓಲ್ಡ್ ಫೋಲ್ಡರಿನಲ್ಲಿ ಹಳೆಯ ವ್ಯವಸ್ಥೆ ಇರುತ್ತದೆ. 10 ದಿನಗಳೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ವಿಂಡೋಸ್ 10ಕ್ಕೆ ಮರಳಬಹುದು. ಆ ಅವಧಿಯೊಳಗೆ ನಿಜವಾದ ಕೆಲಸಗಳನ್ನು ಮಾಡಿ ನೋಡಿ: ಒಂದು ಪುಟ ಪ್ರಿಂಟ್ ತೆಗೆಯಿರಿ, ಡಿಜಿಟಲ್ ಸಹಿ ಹಾಕಿ, ಹಳೆಯ ನುಡಿ ದಾಖಲೆ ತೆರೆಯಿರಿ, ಸ್ಕ್ಯಾನರ್ ಓಡಿಸಿ. ಕಳಚಿಟ್ಟ ಸಾಧನಗಳನ್ನು ಒಂದೊಂದಾಗಿಯೇ ಜೋಡಿಸಿ, ಆಗ ತೊಂದರೆ ಬಂದರೆ ಯಾವುದರಿಂದ ಎಂದು ತಿಳಿಯುತ್ತದೆ. ಬಿಟ್‌ಲಾಕರನ್ನು ಮತ್ತೆ ಆರಂಭಿಸಿ, ರಿಕವರಿ ಕೀ ಬದಲಾಗಿದೆಯೇ ಎಂದು ಖಾತೆಯಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.